‘ಮಿಯೋ, ನನ್ನ ಮಿಯೋ’: ರಾಜಕುಮಾರನ ಉದ್ಧಾರಯಾತ್ರೆಯೂ ಸಾಕುಮಗುವಿನ ಚರಿತ್ರೆಯೂ

ಜಾನಪದ ಕಥೆಗಳ ರಾಜಕುಮಾರನು ಸಾಮಾನ್ಯವಾಗಿ ಪರರ ಬಿಡುಗಡೆಗಾಗಿ ಹೊರಡುವವನು. ಅವನ ಕುಲವು ನಿಶ್ಚಿತವಾದುದು. ತಂದೆಯ ಮನೆಯು ಅವನ ಬೆನ್ನಿಗಿರುವುದು. ಆದಕಾರಣ ಅವನನ್ನೇ ಯಾರಾದರೂ ಉದ್ಧರಿಸಬೇಕೆಂಬ ಪ್ರಶ್ನೆ ಅಂತಹ ಕಥೆಗಳಲ್ಲಿ ವಿರಳವಾಗಿ ಏಳುತ್ತದೆ. ಸ್ವೀಡನ್ ದೇಶದ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರು 1954ರಲ್ಲಿ ಪ್ರಕಟಿಸಿದ ‘ಮಿಯೋ, ನನ್ನ ಮಿಯೋ’ ಎಂಬ ಬಾಲಕಾದಂಬರಿಯಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಇಲ್ಲಿ ಸೆರೆಯಾದ ಮಕ್ಕಳನ್ನು ಬಿಡಿಸಹೊರಟ ರಾಜಕುಮಾರನೇ ಯಾರೂ ಬಿಡಿಸದೆ ಉಳಿದ ಒಂದು ಮಗು. ಈ ವಿಪರ್ಯಾಸಕ್ಕೆ ಕಾರಣವನ್ನು ಕಥಾಸಂಪ್ರದಾಯದಲ್ಲಿ ಮಾತ್ರವೇ ಅರಸಿದರೆ ಸಾಲದು; ಆ ದೇಶದ ಸಾಕುಮಕ್ಕಳ ಚರಿತ್ರೆಯಲ್ಲಿಯೂ ಅರಸಬೇಕಾಗಿದೆ.

ಕಥಾಸಾರವು ಹೀಗಿದೆ. ಸ್ಟಾಕ್‌ಹೋಮ್ ನಗರದ ಉಪ್‌ಲಾಂಡ್ಸ್‌ಗಾತನ್ ಎಂಬ ಬೀದಿಯಲ್ಲಿ ಬೂ ವಿಲ್ಹೆಲ್ಮ್ ಊಲ್ಸನ್ ಎಂಬ ಒಂಬತ್ತು ವರ್ಷದ ಬಾಲಕನು ಎಡ್ಲಾ, ಸಿಕ್ಸ್ಟೆನ್ ಎಂಬ ದಂಪತಿಗಳ ಸಾಕುಮಗನಾಗಿರುತ್ತಾನೆ. ಹುಟ್ಟಿದೊಡನೆ ತಾಯಿ ತೀರಿಕೊಂಡಳು. ತಂದೆ ಯಾರೆಂಬುದು ತಿಳಿಯದು. ಅಕ್ಟೋಬರ್ ತಿಂಗಳ ಒಂದು ಸಂಜೆ ಒಣರೊಟ್ಟಿ ತರಲು ಹೋದ ಬಾಲಕನು ತೆಂಗ್ನೇರ್‌ಲುಂಡೆನ್ ಎಂಬ ಉಪವನದ ಬೆಂಚಿನ ಮೇಲೆ ಒಬ್ಬನೇ ಕುಳಿತಿರುವಾಗ, ಅವನ ಕೈಯಲ್ಲಿದ್ದ ಸೇಬು ಚಿನ್ನವಾಗುತ್ತದೆ. ಬಿಯರ್ ಸೀಸೆಯೊಂದರಿಂದ ಹೊರಬಂದ ಭೂತವು ಅವನನ್ನು ದೂರದೇಶಕ್ಕೆ ಒಯ್ಯುತ್ತದೆ. ಅಲ್ಲಿಯ ಅರಸನೇ ಅವನ ತಂದೆ. ಒಂಬತ್ತು ವರ್ಷಗಳಿಂದ ಮಗನನ್ನು ಹುಡುಕುತ್ತಿದ್ದವನು. ಬಾಲಕನ ನಿಜವಾದ ಹೆಸರು ಮಿಯೋ. ಮಕ್ಕಳನ್ನು ಅಪಹರಿಸಿ, ತನಗೆ ಅಧೀನರಾಗದವರನ್ನು ಹಕ್ಕಿಗಳನ್ನಾಗಿ ಮಾಡುವ ಕಾಟೋ ಎಂಬ ಕ್ರೂರ ಸರದಾರನ ಮೇಲೆ ಮಿಯೋ ಹೋಗಬೇಕೆಂಬುದು ಸಹಸ್ರಾರು ವರ್ಷಗಳ ಹಿಂದೆಯೇ ನಿಯತವಾದ ವಿಧಿ. ಗೆಳೆಯ ಯುಮ್-ಯುಮ್, ಮಿರಾಮಿಸ್ ಎಂಬ ಬಿಳಿಯ ಕುದುರೆ, ಇವರೊಡನೆ ಅವನು ಹೊರನಾಡಿಗೆ ತೆರಳಿ ಕಾಟೋವನ್ನು ಸಂಹರಿಸುತ್ತಾನೆ.

ಇನ್ನು ಚರಿತ್ರೆಯ ಕಡೆಗೆ ತಿರುಗಬಹುದು. ಸ್ವೀಡನ್ನಿನ ಗ್ರಾಮಗಳಲ್ಲಿ ನಿರ್ಗತಿಕ ಮಕ್ಕಳನ್ನು ಹರಾಜಿನಲ್ಲಿ ಒಪ್ಪಿಸುವ ಪದ್ಧತಿಯೊಂದು ಬಹುಕಾಲ ನಡೆದುಬಂದಿತ್ತು. ಈ ಹರಾಜಿನಲ್ಲಿ ಗೆಲ್ಲುತ್ತಿದ್ದವನು ಹೆಚ್ಚು ಕೊಡುವವನಲ್ಲ. ಮಗುವನ್ನು ಸಾಕಲು ಊರಿನಿಂದ ಅತ್ಯಂತ ಕಡಮೆ ಹಣ ಬೇಡುವವನು. 1902ರಲ್ಲಿ ಸಾಕುಮಕ್ಕಳ ಪಾಲನೆಯನ್ನು ಕುರಿತು ಒಂದು ಶಾಸನವಾಯಿತು. 1918ರ ಬಡವರ ಪಾಲನೆಯ ಶಾಸನವು ಹರಾಜನ್ನು ನಿಷೇಧಿಸಿತು. 1924ರ ಶಾಸನದಂತೆ ಊರೂರಿನಲ್ಲಿಯೂ ಮಕ್ಕಳ ರಕ್ಷಣೆಗಾಗಿ ಮಂಡಲಿಗಳು ಏರ್ಪಟ್ಟವು. ಹೀಗೆ ಲಿಂಡ್‌ಗ್ರೆನ್ ಅವರು ಹುಟ್ಟಿದ 1907ಕ್ಕೂ ಈ ಗ್ರಂಥವು ಪ್ರಕಟವಾದ 1954ಕ್ಕೂ ನಡುವೆ, ಸಾಕುಮಗುವು ಹರಾಜಿನ ವಸ್ತುವಾಗಿದ್ದ ಸ್ಥಿತಿಯಿಂದ ಸರಕಾರದ ರಕ್ಷಣೆಗೆ ಪಾತ್ರವಾದ ಸ್ಥಿತಿಗೆ ಬಂದಿತ್ತು.

ಲೇಖಕಿಯ ಜೀವನವೂ ಈ ಚರಿತ್ರೆಯನ್ನು ಸ್ಪರ್ಶಿಸಿದೆ. ಸ್ಮೋಲಾಂಡ್ ಪ್ರಾಂತದ ವಿಮ್ಮರ್ಬಿಯ ಬಳಿಯ ರೈತ ಕುಟುಂಬದಲ್ಲಿ ಜನಿಸಿದ ಅವರು 1926ರ ಡಿಸೆಂಬರಿನಲ್ಲಿ, ಅವಿವಾಹಿತೆಯಾಗಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಲಾರ್ಸ್ ಎಂಬ ಮಗನನ್ನು ಹೆತ್ತರು. ಶಿಶುವನ್ನು ಅಲ್ಲಿಯೇ ಒಬ್ಬ ಸಾಕುತಾಯಿಯ ವಶಕ್ಕೆ ಒಪ್ಪಿಸಿ, ತಾವು ಸ್ಟಾಕ್‌ಹೋಮಿನಲ್ಲಿ ಕಛೇರಿಯ ಕೆಲಸಮಾಡುತ್ತ, ಹಣ ಒದಗಿದಾಗ ರೈಲಿನಲ್ಲಿ ಹೋಗಿ ನೋಡಿಬರುತ್ತಿದ್ದರು. 1930ರ ಆರಂಭದಲ್ಲಿ ಸಾಕುತಾಯಿಯ ಅಸ್ವಾಸ್ಥ್ಯದಿಂದಾಗಿ ಮಗುವನ್ನು ಸ್ವೀಡನ್ನಿಗೆ ಕರೆತರಬೇಕಾಯಿತು. 1931ರಲ್ಲಿ ಅವರು ವಿವಾಹವಾದ ಮೇಲೆ ತಾಯಿಮಕ್ಕಳು ಒಂದೇ ಮನೆಯಲ್ಲಿ ನೆಲೆಸಿದರು. ಸಾಕುತಾಯಿಯು ಅಕ್ಕರೆಯವಳೇ ಆಗಿದ್ದಳು. ಆದುದರಿಂದ ಎಡ್ಲಾಳ ಪಾತ್ರವನ್ನು ಆಕೆಯ ಚಿತ್ರವೆಂದು ಭಾವಿಸುವುದು ತಪ್ಪಾದೀತು. ತೆಂಗ್ನೇರ್‌ಲುಂಡೆನ್ ಉಪವನದಲ್ಲಿ ದುಃಖದಿಂದ ಒಬ್ಬನೇ ಕುಳಿತಿದ್ದ ಬಾಲಕನನ್ನು ಕಂಡುದೇ ಕಥೆಗೆ ಬೀಜವೆಂದು ಲೇಖಕಿಯೇ ತಿಳಿಸಿದ್ದಾರೆ. ಆದರೆ ಬೆಂಚಿನ ಮೇಲಿನ ಅಪರಿಚಿತ ಬಾಲಕನಲ್ಲಿ ಕಾಯುವಿಕೆಯನ್ನು ಗುರುತಿಸುವ ಕಣ್ಣು ಅವರಿಗೆ ಎಲ್ಲಿಂದ ಬಂದಿತೆಂಬುದನ್ನು ಈ ವೃತ್ತಾಂತವು ಸೂಚಿಸುತ್ತದೆ. ಗ್ರಂಥಕ್ಕೆ ಚಿತ್ರಗಳನ್ನು ಬರೆದ ಇಲೋನ್ ವಿಕ್ಲಾಂಡ್ ಅವರು 1944ರಲ್ಲಿ ಎಸ್ಟೋನಿಯದಿಂದ ಬಾಲ್ಯದಲ್ಲಿಯೇ ನಿರಾಶ್ರಿತೆಯಾಗಿ ಬಂದವರೆಂಬುದೂ ಇಲ್ಲಿ ಸ್ಮರಣೀಯ.

ಈಗ ಗ್ರಂಥದ ಒಳಗಣ ಸಾಕ್ಷ್ಯವನ್ನು ಪರಿಶೀಲಿಸಬೇಕು. ಬಾಲಕನಿಗೆ ಸಾಕುಮನೆಯಲ್ಲಿ ಅನ್ನವಸ್ತ್ರಗಳಿಗೆ ಕೊರತೆಯಿಲ್ಲ. ಆದರೆ ಎಡ್ಲಾ ಬಯಸಿದ್ದುದು ಹೆಣ್ಣುಮಗುವನ್ನು. ಈ ಬಾಲಕನು ಮನೆಗೆ ಬಂದ ದಿನವೇ ಕೆಟ್ಟದೆಂದು ಆಕೆ ಹಳಿಯುತ್ತಾಳೆ. ಮಂಡಲಿಯ ಅಧಿಕಾರಿಯು ಬಂದು ನೋಡಿದರೆ ಹಾಸಿಗೆ, ಬಟ್ಟೆ, ಊಟ ಎಲ್ಲವೂ ಕ್ರಮವಾಗಿಯೇ ಕಾಣುವುವು. ಶಾಸನದ ಕಣ್ಣಿಗೆ ಬೀಳದ ಈ ಕೊರತೆಯೇ ಗ್ರಂಥದ ನಿಜವಾದ ವಸ್ತು. ದೂರದೇಶವು ಈ ಕೊರತೆಯನ್ನು ಒಂದೊಂದಾಗಿ ತುಂಬಿಕೊಡುತ್ತದೆ. ನಗರದ ಗೆಳೆಯ ಬೆಂಕಾನಂತೆಯೇ ಇರುವವನು ಯುಮ್-ಯುಮ್. ಬಿಯರ್ ಬಂಡಿಯನ್ನು ಎಳೆಯುವ ಮುದಿಗುದುರೆಯ ಕಣ್ಣುಗಳೇ ಮಿರಾಮಿಸ್‌ಗೆ ಇರುವುವು. ಮಗನೊಡನೆ ಕುಳಿತು ಆಟದ ವಿಮಾನ ಕಟ್ಟುವ ಬೆಂಕಾನ ತಂದೆಯ ಸ್ಥಾನದಲ್ಲಿ ಅರಸನೇ ಇದ್ದಾನೆ.

ಕಾಟೋವಿನ ಕಲ್ಲಿನ ಹೃದಯವೂ ವಿಚಾರಾರ್ಹವಾದುದು. ಏಳು ಸಮುದ್ರಗಳಾಚೆಯ ಗಿಳಿಯಲ್ಲಿ ಪ್ರಾಣವನ್ನಿಟ್ಟ ರಾಕ್ಷಸನ ಕಥೆಯು ಕನ್ನಡ ನಾಡಿನ ಅಜ್ಜಿಯರಿಗೆಲ್ಲ ತಿಳಿದುದೇ. ಅಲ್ಲಿ ಪ್ರಾಣವು ದೇಹದಿಂದ ದೂರವಿರುವುದರಿಂದ ರಾಕ್ಷಸನಿಗೆ ನಿಶ್ಚಿಂತೆ. ಇಲ್ಲಿ ಹೃದಯವು ಎದೆಯಲ್ಲಿಯೇ ಇದ್ದು ಕಲ್ಲಾಗಿರುವುದರಿಂದ ಕಾಟೋವಿಗೆ ನಿರಂತರ ಯಾತನೆ. ಆದುದರಿಂದಲೇ ಅಂತ್ಯದಲ್ಲಿ ಅವನು ಹೃದಯಕ್ಕೇ ಗುರಿಯಿಡುವಂತೆ ಮಿಯೋವನ್ನು ಬೇಡಿಕೊಳ್ಳುತ್ತಾನೆ. ಕತ್ತಿಯ ಪೆಟ್ಟು ಬಿದ್ದಾಗ ಉಳಿಯುವುದು ಕಲ್ಲಿನ ರಾಶಿ ಮತ್ತು ಕಬ್ಬಿಣದ ಉಗುರು. ಕಿಟಕಿಯಲ್ಲಿ ಒಂದು ಸಣ್ಣ ಬೂದುಬಣ್ಣದ ಹಕ್ಕಿ ಕಾಣಿಸಿಕೊಂಡು ಹೊರಗೆ ಹಾರಿಹೋಗುತ್ತದೆ. ರಾಕ್ಷಸನ ಕಥೆಯಲ್ಲಿ ಹಕ್ಕಿಯ ಮರಣವೇ ಜಯ. ಇಲ್ಲಿ ಹಕ್ಕಿಯ ಬಿಡುಗಡೆಯೇ ಜಯ. ಉದ್ಧಾರವು ಶತ್ರುವಿಗೂ ಸಲ್ಲುತ್ತದೆ.

ಉಪಸಂಹಾರವನ್ನು ಕುರಿತು ಮತಭೇದವುಂಟು. ಎಡ್ಲಾ ತಾನು ಇನ್ನೂ ಬೆಂಚಿನ ಮೇಲೆ ಕುಳಿತಿರುವೆನೆಂದು ಭಾವಿಸಿರಬಹುದು, ಅದು ತಪ್ಪು, ತಾನು ತಂದೆಯ ಬಳಿ ಸುಖವಾಗಿರುವೆನು ಎಂಬ ಅಭಿಪ್ರಾಯದ ಮಾತಿನಿಂದ ಬಾಲಕನು ಕಥೆಯನ್ನು ಮುಗಿಸುತ್ತಾನೆ. ಇಷ್ಟು ಆಗ್ರಹದಿಂದ ನಿರಾಕರಿಸುವವನು ಬೆಂಚಿನ ಮೇಲೆಯೇ ಇದ್ದಾನೆಂದು ಕೆಲವರು ಊಹಿಸುತ್ತಾರೆ. ಪ್ರಾರಂಭದಲ್ಲಿ ಬರುವ, ಬಾಲಕನು ಕಾಣೆಯಾಗಿರುವನೆಂಬ ರೇಡಿಯೋ ಪ್ರಕಟಣೆಯು ಈ ಊಹೆಗೆ ಪ್ರತಿಕೂಲವೆಂದು ಹೇಳಬಹುದು. ಆದರೆ ಆ ಪ್ರಕಟಣೆಯೂ ವಾಚಕರಿಗೆ ತಿಳಿದುಬರುವುದು ಬಾಲಕನ ಬಾಯಿಂದಲೇ. ಗ್ರಂಥಾದ್ಯಂತ ಸಾಕ್ಷಿಯು ಒಬ್ಬನೇ. ಆದಕಾರಣ ಗ್ರಂಥಪ್ರಮಾಣದಿಂದ ಈ ವಿವಾದವು ತೀರುವಂತಹುದಲ್ಲ. 1973ರಲ್ಲಿ ಪ್ರಕಟವಾದ ‘ಸಿಂಹಹೃದಯ ಸಹೋದರರು’ ಎಂಬ ಕೃತಿಯಲ್ಲಿಯೂ ಲೇಖಕಿ ಇಂತಹುದೇ ದ್ವಂದ್ವವನ್ನು ಉಳಿಸಿದ್ದಾರೆ.

1956ರಲ್ಲಿ ಗ್ರಂಥವು ಇಂಗ್ಲಿಷಿಗೆ ಭಾಷಾಂತರವಾದಾಗ ಶೀರ್ಷಿಕೆಯು ‘ಮಿಯೋ, ನನ್ನ ಮಗ’ ಎಂದಾಯಿತು. ಮೂಲದಲ್ಲಿ ‘ಮಗ’ ಎಂಬ ಶಬ್ದವಿಲ್ಲ. ತಂದೆಯು ಹೆಸರನ್ನೇ ಎರಡು ಸಲ ಕರೆದು ‘ನನ್ನ’ ಎಂಬುದನ್ನು ಸೇರಿಸುತ್ತಾನೆ. ವ್ಯತ್ಯಾಸವು ಅಲ್ಪವಾದರೂ ಉಪೇಕ್ಷಣೀಯವಲ್ಲ. ಮಗನೆಂಬ ಸಂಬಂಧವನ್ನು ಶಾಸನವೂ ನಿರ್ಣಯಿಸಬಲ್ಲುದು, ದಾಖಲೆಯಲ್ಲಿ ಬರೆಯಬಲ್ಲುದು. ಹೆಸರು ಹಿಡಿದು ‘ನನ್ನವನು’ ಎಂದು ಕರೆಯುವ ಧ್ವನಿಯನ್ನು ಯಾವ ಮಂಡಲಿಯೂ ಒದಗಿಸಲಾರದು. ಬಾಲಕನು ಕುಳಿತಿರುವುದು ಅರಮನೆಯಲ್ಲಿಯೇ ಆಗಲಿ ಬೆಂಚಿನ ಮೇಲೆಯೇ ಆಗಲಿ, ಅವನಿಗೆ ಬೇಕಾಗಿದ್ದುದು ಆ ಕರೆಯೊಂದೇ ಎಂಬುದು ಮಾತ್ರ ನಿರ್ವಿವಾದ.