ಹೆಣ, ಹುಚ್ಚ, ಇಲ್ಲವೇ ಕವಿ

ಊರಿಂದ ಅಪ್ಪ-ಅಮ್ಮ ಬಂದರೆ ಕಾರ್ಡಿಫ್‌ನಲ್ಲಿ ನಾವು ತೋರಿಸುವುದು ಕೋಟೆ, ಮ್ಯೂಸಿಯಂ, ಬೇ, ಅಲ್ಲಿಗೆ ಮುಗಿಯಿತು. ಪಶ್ಚಿಮಕ್ಕೆ ಸ್ವಲ್ಪ ಹೊತ್ತು ಕಾರು ಓಡಿಸಿದರೆ ಸೇಂಟ್ ನಿಕೋಲಸ್ ಎಂಬ ಹಳ್ಳಿ. ಅದರ ಪಕ್ಕದ ಹೊಲದಲ್ಲಿರುವ ಟಿಂಕಿನ್ಸ್‌ವುಡ್ ಕಲ್ಗೋರಿ ಸುಮಾರು 6,000 ವರ್ಷ ಹಳೆಯದು. ನಮ್ಮ ಕೋಟೆಯ ರೋಮನ್ ಬುಡ ಅದರ ಮುಂದೆ ಮೊನ್ನೆಯದು.

ಮೇಲೆ ಹೊದಿಸಿದ ಒಂದೇ ಚಪ್ಪಡಿ 7 ಮೀಟರ್‌ಗೂ ಉದ್ದ, ತೂಕ 40 ಟನ್ ಎಂಬ ಅಂದಾಜು. ಬಗ್ಗಿ ನೋಡಿದರೆ ಅದಕ್ಕೆ ಆಸರೆಯಾಗಿ ಇಟ್ಟಿಗೆಯ ಕಂಬ! 1914ರಲ್ಲಿ ಇಲ್ಲಿ ಉತ್ಖನನ ಮಾಡಿದ ಜಾನ್ ವಾರ್ಡ್ ಕಟ್ಟಿಸಿದ್ದು. ಚೆಂದವಿಲ್ಲ, ಆದರೆ ಪ್ರಾಮಾಣಿಕ: ಯಾವುದು ಹಳೆಯದು, ಯಾವುದು ರಿಪೇರಿ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಆಗ ಒಳಗೆ ಸಿಕ್ಕಿದ್ದು ಸುಮಾರು 50 ಜನರ ಮೂಳೆಗಳು, ಹೆಚ್ಚಿನವು ಮುರಿದು ಕಲೆಸಿಹೋದವು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅದರಲ್ಲಿದ್ದರು. ಒಬ್ಬ ದೊರೆಯ ಸಮಾಧಿಯಲ್ಲ, ಇಡೀ ಸಮುದಾಯದ್ದು.

ಕಟ್ಟಿದವರು ಯಾರೆಂದು ಮರೆತ ಮೇಲೆ ಜನ ಕಥೆ ಕಟ್ಟಿದರು. ಮೇ ದಿನದ ಹಿಂದಿನ ರಾತ್ರಿಯೋ, ಜೂನ್ 23ರ ರಾತ್ರಿಯೋ ಇಲ್ಲಿ ಮಲಗಿದವನು ಬೆಳಗಾಗುವುದರೊಳಗೆ ಸಾಯುತ್ತಾನೆ, ಹುಚ್ಚನಾಗುತ್ತಾನೆ, ಇಲ್ಲವೇ ಕವಿಯಾಗುತ್ತಾನಂತೆ. ವೇಲ್ಸ್‌ನ ಕೇಡರ್ ಇಡ್ರಿಸ್ ಬೆಟ್ಟಕ್ಕೂ ಇದೇ ಖ್ಯಾತಿಯುಂಟು. (ನಮ್ಮ ಯುಗಾದಿ ಕವಿಗೋಷ್ಠಿಗೆ ಹೆಸರು ಕೊಡುವವರು ಸಿಗದಿದ್ದರೆ ಸಮಿತಿ ಈ ದಾರಿಯನ್ನೂ ಯೋಚಿಸಬಹುದು.) ಸುತ್ತಲಿನ ಬಂಡೆಗಳು ಭಾನುವಾರ ಕುಣಿದ ತಪ್ಪಿಗೆ ಕಲ್ಲಾದ ಹೆಂಗಸರಂತೆ. ಚರ್ಚ್ ಬಂದ ಮೇಲೆ ಹುಟ್ಟಿದ ಕಥೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಹತ್ತಿರದಲ್ಲೇ ಇರುವ ಸೇಂಟ್ ಲಿಥನ್ಸ್ ಗೋರಿಯ ಚಪ್ಪಡಿಯಂತೂ ಜೂನ್ 23ರ ಅದೇ ರಾತ್ರಿ ಮೂರು ಸುತ್ತು ತಿರುಗುತ್ತದಂತೆ.

ಗಂಗಾವತಿ ಕಡೆಯವರಿಗೆ ಇದೆಲ್ಲ ಹೊಸದಲ್ಲ. ಹಿರೇಬೆಣಕಲ್ಲಿನ ಗುಡ್ಡದ ಕಲ್ಮನೆಗಳು ಮೋರ್ಯರೆಂಬ ಕುಳ್ಳರ ಮನೆಗಳೆಂದು ಅಲ್ಲಿಯ ಜನ ಹೇಳುತ್ತಾರೆ. ಅವು ಕಬ್ಬಿಣ ಯುಗದವು, ಇದಕ್ಕಿಂತ ಎಷ್ಟೋ ಕಿರಿಯವು. ಎರಡಕ್ಕೂ ನೆಂಟಸ್ತಿಕೆ ಇಲ್ಲ. ಆದರೂ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಆ ಸೀಮೆಯ ಕಲ್ಗೋರಿಗಳನ್ನು ಅಳೆದು, ಚಿತ್ರಿಸಿ, ಬ್ರಿಟನ್ನಿನವುಗಳ ಜೊತೆ ಹೋಲಿಸಿ ಬರೆದಿದ್ದ.

ಟಿಂಕಿನ್ಸ್‌ವುಡ್‌ಗೆ ಟಿಕೆಟ್ ಇಲ್ಲ. ಹೊಲ ದಾಟಿ ನಡೆಯಬೇಕು. ಮಳೆ ಬಂದ ಮರುದಿನವಾದರೆ ಬೂಟು ಹಾಕಿಕೊಳ್ಳಿ. ಗೇಟು ಮುಚ್ಚಿ ಬನ್ನಿ, ಫೋಟೋಗಾಗಿ ಮಕ್ಕಳನ್ನು ಚಪ್ಪಡಿಯ ಮೇಲೆ ಹತ್ತಿಸಬೇಡಿ.