ಬಾಯಿಗೆ ಹೋದ ಪುಟ್ಟ ಕೈ

ಮೂರು ತಿಂಗಳ ಕೂಸು ಮುಷ್ಟಿ ಚೀಪುತ್ತಾ ಮಲಗಿದ್ದರೆ ನಮ್ಮ ಮನೆಗಳಲ್ಲಿ ಒಬ್ಬರು ಹಸಿವು ಅಂತಾರೆ, ಇನ್ನೊಬ್ಬರು ಹಲ್ಲು ಬರ್ತಿದೆ ಅಂತಾರೆ, ಮತ್ತೊಬ್ಬರು ಕೆಟ್ಟ ಚಟ ಎಂದು ಕೈ ಎಳೆಯುತ್ತಾರೆ. ಹೊರದೇಶಗಳಲ್ಲೂ ಇದೇ ಜಗಳ ನಡೆದಿತ್ತು. ಅಲ್ಲಿ ಒಂದು ತಪ್ಪು ಊಹೆ ಮಕ್ಕಳ ಜೀವವನ್ನೇ ತೆಗೆದಿದೆ.

ಮೊದಲು ಸುಮ್ಮನೆ ಕೂತು ನೋಡಿದ ಒಬ್ಬ ಅಪ್ಪನ ವಿಷಯ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್‌ಗೆ ಮೊದಲ ಮಗ ಹುಟ್ಟಿದ್ದು 1839ರ ಡಿಸೆಂಬರ್‌ನಲ್ಲಿ. ಮಗು ಮಾಡಿದ್ದನ್ನೆಲ್ಲ ಅವರು ಬರೆದಿಟ್ಟರು, ಅಚ್ಚಾಗಿದ್ದು 1877ರಲ್ಲಿ. 80–90 ದಿನಕ್ಕೆ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಎಳೆದುಕೊಳ್ಳುತ್ತಿತ್ತು. ಎಷ್ಟೋ ಸಲ ಅದು ಮೊದಲು ಮೂಗಿಗೆ ತಾಗಿ, ಆಮೇಲೆ ಬಾಯಿಗೆ ಇಳಿಯುತ್ತಿತ್ತಂತೆ! ಅಪ್ಪನ ಬೆರಳು ಹಿಡಿದು ತಂದರೆ ತನ್ನದೇ ಮುಷ್ಟಿ ಅಡ್ಡ. 114ನೇ ದಿನ ಮಗು ತನ್ನ ಕೈಯನ್ನು ಕೆಳಗೆ ಜಾರಿಸಿ, ಬೆರಳ ತುದಿಯನ್ನು ಬಾಯಿಗೆ ಇಟ್ಟುಕೊಂಡಿತು. ಒಂದಲ್ಲ, ಹಲವು ಸಲ. ಇದು ಆಕಸ್ಮಿಕವಲ್ಲ, ಬುದ್ಧಿಯ ಕೆಲಸ ಎಂದು ಡಾರ್ವಿನ್ ತೀರ್ಮಾನಿಸಿದರು.

ಅಮೆರಿಕ ಸರ್ಕಾರಕ್ಕೆ ಹಾಗೆ ಕಾಣಲಿಲ್ಲ. ತಾಯಂದಿರಿಗಾಗಿ ಅದು 1914ರಲ್ಲಿ ತಂದ ಕೈಪಿಡಿ, ಬೆರಳು ಚೀಪುವ ಮಗುವಿನ ಅಂಗಿ ತೋಳನ್ನು ಬೆರಳ ಮೇಲೆ ಎಳೆದು ಪಿನ್ ಹಾಕಿ, ಇಲ್ಲವೇ ಹೊಲಿದುಬಿಡಿ ಎಂದಿತು. 1940ರ ದಶಕದ ಆವೃತ್ತಿಗಳಲ್ಲಿ ಅದೇ ಕೈಪಿಡಿ ಮೆತ್ತಗಾಯಿತು.

ಹಲ್ಲಿನ ಕಥೆ ಇದಕ್ಕಿಂತ ಘೋರ. 19ನೇ ಶತಮಾನದ ಇಂಗ್ಲೆಂಡಿನ ಮರಣ ದಾಖಲೆಗಳಲ್ಲಿ ‘ಹಲ್ಲು ಬರುವುದು’ ಎಂಬುದೇ ಸಾವಿನ ಕಾರಣವೆಂದು ಬರೆದಿರುತ್ತಿತ್ತು. ಹಲ್ಲು ಬರುವ ವಯಸ್ಸಿನಲ್ಲೇ ಜ್ವರ, ಭೇದಿಯೂ ಬರುವುದರಿಂದ ಎಲ್ಲ ತಪ್ಪೂ ಹಲ್ಲಿನ ಮೇಲೆ. ಅದಕ್ಕೆಂದು ಅಂಗಡಿಯಲ್ಲಿ ಸಿಗುತ್ತಿದ್ದ ಪುಡಿಗಳಲ್ಲಿ ಪಾದರಸದ ಲವಣ ಇರುತ್ತಿತ್ತು. ಕೆಲವು ಮಕ್ಕಳ ಅಂಗೈ ಅಂಗಾಲು ಕೆಂಪಾಗಿ ಚರ್ಮ ಸುಲಿಯುತ್ತಿತ್ತು. ಬೆಳಕು ಕಂಡರೆ ಕಣ್ಣು ಮುಚ್ಚಿ, ನಿದ್ದೆಯಿಲ್ಲದೆ ನರಳುತ್ತಿದ್ದವು. ಸತ್ತವೂ ಉಂಟು. ವೈದ್ಯರು ಇದಕ್ಕೆ ‘ಪಿಂಕ್ ಡಿಸೀಸ್’ ಎಂದರು, ಕಾರಣ ಮಾತ್ರ ಹೊಳೆಯಲಿಲ್ಲ. 1948ರಲ್ಲಿ ಅಮೆರಿಕದ ವಾರ್ಕನಿ ಮತ್ತು ಹಬಾರ್ಡ್ ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಸಿಕ್ಕಿದ್ದನ್ನು ಪ್ರಕಟಿಸಿದರು. 1954ರಲ್ಲಿ ಬ್ರಿಟನ್ನಿನ ತಯಾರಕರು ಪುಡಿಯಿಂದ ಪಾದರಸ ತೆಗೆದರು. ಕೆಲವೇ ವರ್ಷಗಳಲ್ಲಿ ಆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಅಮ್ಮಂದಿರು ಪ್ರೀತಿಯಿಂದಲೇ ಕೊಟ್ಟ ಪುಡಿ ಅದು!

ಈಗ ಸ್ಕ್ಯಾನಿಂಗ್‌ನಲ್ಲಿ, ಗರ್ಭದಲ್ಲೇ ಹೆಬ್ಬೆರಳು ಚೀಪುವ ಶಿಶು ಕಾಣುತ್ತದೆ. ಎಳೆ ಕೂಸು ತಲೆ ಅತ್ತಿತ್ತ ತಿರುಗಿಸಿ, ಬಾಯಿ ತೆರೆದು ಕೈ ಒಯ್ದರೆ ಅದು ಹಸಿವಿನ ಮೊದಲ ಸೂಚನೆ, ಅಳು ಆಮೇಲಿನದು. ಮೂರು–ನಾಲ್ಕು ತಿಂಗಳ ಮಗು ಹೊಟ್ಟೆ ತುಂಬಿದ್ದರೂ ಕೈ ಚೀಪುತ್ತದೆ, ಬಾಯಿಯಿಂದಲೇ ಲೋಕವನ್ನು ಮುಟ್ಟಿ ನೋಡುತ್ತದೆ. ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿಗೆ. ಆಗ ಜೋರು ಜ್ವರ, ಭೇದಿ ಬಂದರೆ ಹಲ್ಲಿನದು ಅಂದುಕೊಂಡು ಕಾಯಬೇಡಿ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.