ಪುಟ್ಟಿಯೂ ಗಾಜಿನ ನಾರೂ

ನಿವೃತ್ತಿಗೆ ಎರಡು ವರ್ಷ ಮುನ್ನ ನಾನೊಂದು ಹಳೆಯ ಕಾರು ಕೊಂಡಿದ್ದೆ. ಹೊಸ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡನೆಯ ಮಳೆಗಾಲಕ್ಕೆ ಬಾಗಿಲಿನ ಕೆಳ ಅಂಚಿನಲ್ಲಿ ಗುಳ್ಳೆಯೆದ್ದಿತು. ಬೆರಳಿನಿಂದ ಒತ್ತಿದಾಗ ದಪ್ಪನೆಯ ಪುಟ್ಟಿ ಹೆಂಚಿನ ಚೂರಿನಂತೆ ಉದುರಿತು. ಹಿಂದೆ ತಗಡೇ ಇರಲಿಲ್ಲ. ಟಿಂಕರಿಂಗ್ ಕೆಲಸ ಮಾಡುವ ನನ್ನ ಹಳೆಯ ಶಿಷ್ಯನೊಬ್ಬ ಅದನ್ನು ನೋಡಿ, "ಪುಟ್ಟಿ ಇರೋದು ತಗಡಿನ ಮೇಲೆ ಹಚ್ಚೋಕೆ ಮೇಷ್ಟ್ರೇ, ತಗಡಿನ ಬದಲಿಗಲ್ಲ" ಎಂದ. ಆ ಮಾತೇ ನನ್ನನ್ನು ಈ ವಸ್ತುಗಳ ಚರಿತ್ರೆಯತ್ತ ಎಳೆಯಿತು.

ಕಾರಿನ ಮೈಯ ತಗ್ಗುಗಳನ್ನು ಮೊದಲು ತುಂಬುತ್ತಿದ್ದುದು ಸೀಸ ಮತ್ತು ತವರದ ಮಿಶ್ರಲೋಹದಿಂದ. 1940 ಮತ್ತು 50ರ ದಶಕಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸಹೋದರರಂಥ ಕುಶಲಿಗಳು ಮರ್ಕ್ಯುರಿ ಕಾರುಗಳ ಮಾಡನ್ನು ಕತ್ತರಿಸಿ ತಗ್ಗಿಸುತ್ತಿದ್ದರು. ಬೆಸುಗೆಯ ಗಾಯಗಳನ್ನು ಮುಚ್ಚುತ್ತಿದ್ದುದು ಕರಗಿಸಿದ ಸೀಸವೇ. ಅಂಥ ಕಾರುಗಳಿಗೆ 'ಲೆಡ್ ಸ್ಲೆಡ್' ಎಂಬ ಅಡ್ಡಹೆಸರೇ ಬಿದ್ದಿತು. ಆದರೆ ಅದಕ್ಕೆ ಬೆಂಕಿಯ ಹದ ತಿಳಿದಿರಬೇಕು. ಅರದಿಂದ ಉಜ್ಜಿದಾಗ ಏಳುವ ಸೀಸದ ಧೂಳಂತೂ ವಿಷ.

1950ರ ದಶಕದಲ್ಲಿ ಬಂದ 'ಬಾಂಡೊ' ಮುಂತಾದ ಪುಟ್ಟಿಗಳು ಈ ಕಷ್ಟವನ್ನು ನೀಗಿದವು. ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಪುಡಿ ಬೆರೆಸಿದ ಈ ಮುದ್ದೆ, ಹಾರ್ಡನರ್ ಸೇರಿಸಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಉಪ್ಪುಕಾಗದದಿಂದ ಸುಲಭವಾಗಿ ಉಜ್ಜಬಹುದು.

ಅದೇ ರಾಳವನ್ನು ಗಾಜಿನ ನಾರಿನ ಬಟ್ಟೆಗೆ ಉಣಿಸಿದರೆ ಫೈಬರ್‌ಗ್ಲಾಸ್. 1953ರಲ್ಲಿ ತಯಾರಾದ 300 ಷೆವರ್ಲೆ ಕಾರ್ವೆಟ್ ಕಾರುಗಳ ಮೈ ಅದರದೇ. 1960ರ ಸುಮಾರಿಗೆ ಎಡ್ ರಾತ್ ಎಂಬಾತ ಪ್ಲಾಸ್ಟರಿನಲ್ಲಿ ಮನಬಂದ ಆಕಾರ ಕಡೆದು, ಅದರಿಂದ ಫೈಬರ್‌ಗ್ಲಾಸಿನ ವಿಚಿತ್ರ ಕಾರುಗಳನ್ನು ಎರಕಹೊಯ್ದಂತೆ ತೆಗೆದ. ನಮ್ಮ ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್ ಕಾರಿನ ಮೈಯೂ ಫೈಬರ್‌ಗ್ಲಾಸಿನದೇ.

ರಾಳ ಒಂದೇ ಆದರೂ ಗುಣ ಬೇರೆ. ಮಣ್ಣಿನ ಗೋಡೆ ಕಟ್ಟುವಾಗ ನಮ್ಮ ಹಿರಿಯರು ಹುಲ್ಲು ಬೆರೆಸುತ್ತಿದ್ದುದನ್ನು ನೆನೆಯಿರಿ. ಎಳೆತವನ್ನು ತಾಳುವುದು ನಾರು, ಪುಡಿಯಲ್ಲ. ಪುಟ್ಟಿ ತೇವವನ್ನೂ ಹೀರುತ್ತದೆ. ಆದ್ದರಿಂದ ಪುಟ್ಟಿಯನ್ನು ಆರು ಮಿಲಿಮೀಟರಿಗಿಂತ ದಪ್ಪವಾಗಿ ಬಳಿಯಬಾರದು ಎಂಬುದು ಕಸುಬಿನವರ ವಾಡಿಕೆಯ ನಿಯಮ. ಹೊಸ ಆಕಾರ ಕಟ್ಟಲು ಫೈಬರ್‌ಗ್ಲಾಸ್, ಅದರ ಮೇಲ್ಮೈಯನ್ನು ನುಣುಪಾಗಿಸಲು ಪುಟ್ಟಿ. ತುಕ್ಕಿನ ಮೇಲೆ ಮಾತ್ರ ಎರಡೂ ನಿಲ್ಲವು.

ಶಿಷ್ಯನು ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದ. ಮೇಲೆ ತೆಳುವಾಗಿ ಪುಟ್ಟಿ ಎಳೆದ. ಹತ್ತನೆಯ ತರಗತಿಯಲ್ಲಿ ಇದೇ ಹುಡುಗನಿಗೆ ಭಿನ್ನರಾಶಿ ಬಾರದಿದ್ದಾಗ, ಅದನ್ನು ಬುಡದಿಂದ ಕಲಿಸುವ ಬದಲು ಹತ್ತು ಪ್ರಶ್ನೆಗಳ ಉತ್ತರ ಉರುಹೊಡೆಸಿ ನಾನು ಪರೀಕ್ಷೆ ದಾಟಿಸಿದ್ದೆ. ಅಂದು ನಾನು ಬಳಿದದ್ದೂ ಪುಟ್ಟಿಯೇ. ಅದನ್ನು ಅವನಿಗೆ ಹೇಳಿದೆ. ಅವನು ನಕ್ಕು, ಕೈಯಲ್ಲಿದ್ದ ಉಪ್ಪುಕಾಗದವನ್ನು ನೀರಿಗೆ ಅದ್ದಿದ.